ಮೇಷ್ಟ್ರನ್ನು ಕೇಳಿ: ಮೊದಲ ಕಿಲೋಮೀಟರಿನ ಹುಮ್ಮಸ್ಸು

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ವಯಸ್ಸು 41, ಬ್ಯಾಂಕ್ ಕೆಲಸ, ವಾರಕ್ಕೆ ನಾಲ್ಕು ದಿನ ಓಡುತ್ತೇನೆ. 5 ಕಿ.ಮೀ. ಓಟದಲ್ಲಿ ನನ್ನ ಅತ್ಯುತ್ತಮ ಟೈಮಿಂಗ್ 25 ನಿಮಿಷ 40 ಸೆಕೆಂಡ್. ಹೇಗಾದರೂ 25ರೊಳಗೆ ತರಬೇಕೆಂಬ ಹಟ. ಕಳೆದ ಓಟದಲ್ಲಿ ಒಂದೊಂದು ಕಿಲೋಮೀಟರಿಗೆ ಬಂದದ್ದು ಹೀಗೆ: 4:38, 5:02, 5:22, 5:28, 5:10. ಮೂರನೇ ಕಿ.ಮೀ. ಬಂತೆಂದರೆ ಕಾಲು ಎತ್ತಲಿಕ್ಕೇ ಆಗುವುದಿಲ್ಲ. ಸ್ಟ್ಯಾಮಿನಾ ಸಾಲದೆ? ಏನಾದರೂ ತಿನ್ನಬೇಕೆ?
– ಹೆಸರು ಬೇಡ ಎಂದವರು, ರಾಜಾಜಿನಗರ

ಉತ್ತರ: ಏನೂ ತಿನ್ನಬೇಡಿ ಸ್ವಾಮಿ. ನೀವೇ ಕಳಿಸಿದ ಲೆಕ್ಕವನ್ನು ಇನ್ನೊಂದು ಸಲ ಓದಿ. 25 ನಿಮಿಷ ಎಂದರೆ ಕಿಲೋಮೀಟರಿಗೆ 5 ನಿಮಿಷ. ಮೊದಲನೆಯದರಲ್ಲಿ 22 ಸೆಕೆಂಡ್ ಮುಂಗಡ ತೆಗೆದುಕೊಂಡಿರಿ. ಆಮೇಲಿನ ನಾಲ್ಕರಲ್ಲಿ 2, 22, 28, 10, ಅಂದರೆ ಒಟ್ಟು 62 ಸೆಕೆಂಡ್ ಕಟ್ಟಿದಿರಿ. ಇಂಥ ಬಡ್ಡಿಗೆ ನಿಮ್ಮ ಬ್ಯಾಂಕಿನಲ್ಲಿ ಯಾರಾದರೂ ಸಾಲ ಕೇಳಿಕೊಂಡು ಬಂದರೆ ಕೂರಿಸಿ ಬುದ್ಧಿ ಹೇಳಿ ಕಳಿಸುತ್ತೀರಿ ತಾನೆ?

ಸ್ಟ್ಯಾಮಿನಾ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಜಕ್ಕೂ ಇಲ್ಲದವರು 5:28ಕ್ಕೆ ಇಳಿದಮೇಲೆ ಕೊನೆಯ ಕಿಲೋಮೀಟರನ್ನು 5:10ಕ್ಕೆ ಎತ್ತಲಾರರು. ನಿಮ್ಮಲ್ಲಿ ಸರಕು ಇದೆ, ಖರ್ಚು ಮಾಡುವ ಜಾಗ ತಪ್ಪಿದೆ.

ಓಟ ಶುರುವಾದ ಮೊದಲ ಒಂದೆರಡು ನಿಮಿಷ ಮೈ ಸುಳ್ಳು ಹೇಳುತ್ತದೆ. ಆ ವೇಗಕ್ಕೆ ಬೇಕಾದಷ್ಟು ಆಮ್ಲಜನಕ ಒದಗಿಸುವ ಮಟ್ಟಕ್ಕೆ ಉಸಿರಾಟ, ಎದೆಬಡಿತ ಇನ್ನೂ ಏರಿರುವುದಿಲ್ಲ. ಸ್ನಾಯುಗಳು ಅಲ್ಲಿಯತನಕ ತಮ್ಮಲ್ಲೇ ಕೂಡಿಟ್ಟದ್ದರಲ್ಲಿ, ಆಮ್ಲಜನಕ ಇಲ್ಲದೆಯೇ ಸಕ್ಕರೆ ಒಡೆದು ಬರುವ ಶಕ್ತಿಯಲ್ಲಿ ನಿಭಾಯಿಸುತ್ತವೆ. ಜೊತೆಗೆ ಸುತ್ತ ನೂರಾರು ಜನ, ಮೈಕು, ಚಪ್ಪಾಳೆ. 4:38 ಕೂಡ ಹಗುರವಾಗಿಯೇ ಕಾಣುತ್ತದೆ. ಅದು ಭಾರವೆಂದು ಗೊತ್ತಾಗುವ ಹೊತ್ತಿಗೆ ನೀವು ಎರಡನೇ ಕಿಲೋಮೀಟರಿನ ಬೋರ್ಡು ದಾಟಿರುತ್ತೀರಿ.

ನಾನು ಹೇಳುವ ಲೆಕ್ಕ ಇದು: 5:02, 5:00, 5:00, 4:59, 4:50. ಕೂಡಿದರೆ 24:51. ಇದರಲ್ಲೊಂದು ತಮಾಷೆ ನೋಡಿ. ಮೂರು ಕಿಲೋಮೀಟರ್ ಮುಗಿದಾಗ ಗಡಿಯಾರ 15:02 ತೋರಿಸುತ್ತದೆ. ನಿಮ್ಮ ಕಳೆದ ಓಟವನ್ನೂ ಅಲ್ಲಿಯವರೆಗೆ ಕೂಡಿ: 4:38, 5:02, 5:22. ಅದೂ 15:02! ಅದೇ ಜಾಗ, ಅದೇ ಸಮಯ. ಆದರೆ ಅವತ್ತು ಅಲ್ಲಿಗೆ ಬಂದವರ ಕಾಲು ಸತ್ತಿತ್ತು. ಈ ಸಲ ಬರುವವರಿಗೆ ಇನ್ನೂ ಎರಡು ಕಿಲೋಮೀಟರಿನ ಕಸುವು ಇರುತ್ತದೆ.

ಜಗತ್ತಿನ ದೊಡ್ಡ ಓಟಗಾರರೂ 5000 ಮೀಟರ್ ಓಡುವುದು ಹೀಗೆಯೇ. ಉಗಾಂಡಾದ ಜೋಶುವಾ ಚೆಪ್ಟೆಗೈ 2020ರ ಆಗಸ್ಟಿನಲ್ಲಿ ಮೊನಾಕೋದಲ್ಲಿ 12:35.36ರ ವಿಶ್ವದಾಖಲೆ ಮಾಡಿದಾಗ ಟ್ರ್ಯಾಕಿನ ಒಳಅಂಚಿನಲ್ಲಿ ವೇಗ ತೋರಿಸುವ ದೀಪಗಳು ಓಡುತ್ತಿದ್ದವು. ಸರಾಸರಿ ಒಂದು ಸುತ್ತಿಗೆ 60 ಸೆಕೆಂಡಿಗಿಂತ ಒಂದು ಕೂದಲು ಹೆಚ್ಚು, ಆರಂಭದಿಂದ ಕೊನೆಯವರೆಗೂ ಹೆಚ್ಚುಕಡಿಮೆ ಅದೇ. ನಿಮಗೆ ದೀಪ ಹಾಕುವವರು ಯಾರೂ ಇಲ್ಲ, ಆದ್ದರಿಂದ ಅದನ್ನು ಕಾಲಿಗೆ ಕಲಿಸಬೇಕು. ಅದೃಷ್ಟಕ್ಕೆ ನಿಮ್ಮ ಗುರಿಯ ಲೆಕ್ಕ ಬಲು ಸುಲಭ: 400 ಮೀಟರ್ 2 ನಿಮಿಷ, 200 ಮೀಟರ್ 1 ನಿಮಿಷ, 100 ಮೀಟರ್ 30 ಸೆಕೆಂಡ್. ಕಂಠೀರವದಲ್ಲೋ ನಿಮ್ಮ ಹತ್ತಿರದ ಬೇರೆ ಯಾವುದಾದರೂ 400 ಮೀಟರ್ ಟ್ರ್ಯಾಕಿನಲ್ಲೋ ಅವಕಾಶ ಸಿಕ್ಕರೆ ವಾರಕ್ಕೊಮ್ಮೆ ಹೋಗಿ. ಎರಡು ನಿಮಿಷಕ್ಕೊಂದರಂತೆ ಎಂಟು ಸುತ್ತು, ನಡುನಡುವೆ ಒಂದು ನಿಮಿಷ ನಿಧಾನ ಜಾಗ್. ಮೈಗೆ ಒಗ್ಗಿದಂತೆ ಹತ್ತು, ಹನ್ನೆರಡು ಮಾಡಿ. ಒಂದನೇ ಲೇನಿನಲ್ಲೇ ಓಡಿ. ಎರಡನೆಯದಕ್ಕೆ ಸರಿದರೆ ಸುತ್ತಿಗೆ ಸುಮಾರು 7 ಮೀಟರ್ ಹೆಚ್ಚಾಗಿ ಲೆಕ್ಕ ಕೆಡುತ್ತದೆ.

ಒಂದು ಷರತ್ತು. ವಾಚನ್ನು 200 ಮೀಟರ್ ಗೆರೆ ದಾಟುವಾಗ ಮಾತ್ರ ನೋಡಬೇಕು. ಮೊದಲ ದಿನ 54, 55 ಸೆಕೆಂಡ್ ಕಾಣುತ್ತದೆ, ಬೇಜಾರು ಬೇಡ. ನಮ್ಮ ಹುಡುಗರಿಗೆ ನಾನು ಶಿಳ್ಳೆ ಕೊಟ್ಟು ವಾಚು ಕಸಿದುಕೊಳ್ಳುತ್ತಿದ್ದೆ. ನೋಡದೆಯೇ 59, 60, 61ರಲ್ಲಿ ಗೆರೆ ದಾಟಲು ಬಂದಮೇಲೆ ಓಟಕ್ಕೆ ಹೆಸರು ಕೊಡಿ.

ಓಟದ ದಿನ ಬೇಗ ಹೋಗಿ. ವೇದಿಕೆಯ ಮುಂದೆ ಡಿಜೆ ಹಾಕಿ ಜುಂಬಾ ಕುಣಿಸುತ್ತಿರುತ್ತಾರೆ. ಕುಣಿಯಲು ಬಂದವರು ಕುಣಿಯಲಿ, ನೀವು ಆಚೆ ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಿ, ನಾಲ್ಕೈದು ಸಲ 80 ಮೀಟರಿನಷ್ಟು ಚುರುಕಾಗಿ ಓಡಿ ಬನ್ನಿ. ಓಟ ಚಿಕ್ಕದಾದಷ್ಟೂ ವಾರ್ಮ್‌ಅಪ್ ಚೆನ್ನಾಗಿರಬೇಕು. ತೀರಾ ಮುಂದಿನ ಸಾಲು ಬೇಡ, ಅಲ್ಲಿನ ಪೋರರು ಬಾಣದಂತೆ ಹಾರಿ 600 ಮೀಟರಿಗೆ ಸೊಂಟ ಹಿಡಿದು ನಿಲ್ಲುತ್ತಾರೆ. ತೀರಾ ಹಿಂದೆಯೂ ಬೇಡ, ಸೆಲ್ಫಿಯವರನ್ನು ದಾಟಲು ಅಡ್ಡಾದಿಡ್ಡಿ ಓಡಬೇಕಾಗುತ್ತದೆ. ಬಿಬ್‌ನಲ್ಲಿ, ಅಂದರೆ ಎದೆಗೆ ಸಿಕ್ಕಿಸುವ ನಂಬರ್ ಚೀಟಿಯಲ್ಲಿ, ಸಮಯ ಅಳೆಯುವ ಚಿಪ್ ಇದ್ದರೆ ಆರಂಭದ ಗೆರೆಯ ಮ್ಯಾಟ್ ತುಳಿದ ಗಳಿಗೆಯಿಂದ ನಿಮ್ಮ ಸಮಯ ಶುರು, ಗಾಬರಿ ಬೇಡ.

ಮೊದಲ ಕಿಲೋಮೀಟರಿನಲ್ಲಿ ಪಕ್ಕದವರ ಜೊತೆ ನಾಲ್ಕೈದು ಪದದ ಮಾತು ಆಡುವಂತಿರಬೇಕು. ಅಷ್ಟು ಜನ ನಿಮ್ಮನ್ನು ಹಿಂದಿಕ್ಕಿ ಹೋಗುವಾಗ ಹೊಟ್ಟೆ ಉರಿಯುತ್ತದೆ, ಉರಿಯಲಿ. ನಿಜವಾದ ಕೆಲಸ ಇರುವುದು ಮೂರು ಮತ್ತು ನಾಲ್ಕರಲ್ಲಿ. ಹೊಸತನ ಹೋಗಿರುತ್ತದೆ, ಮುಗಿಯುವ ಗೆರೆ ಇನ್ನೂ ಕಂಡಿರುವುದಿಲ್ಲ. ಅಲ್ಲಿ ಅದೇ ಶ್ರಮಕ್ಕೆ ವೇಗ ತಾನಾಗಿ ಜಾರುತ್ತದೆ. 5:00ರಲ್ಲೇ ಇರಬೇಕೆಂದರೆ ನಿಮಗೆ ವೇಗ ಹೆಚ್ಚಿಸುತ್ತಿದ್ದೇನೆ ಅನ್ನಿಸಬೇಕು. ಹತ್ತು ಹೆಜ್ಜೆ ಮುಂದಿರುವ ಒಂದು ಟೀಶರ್ಟಿನ ಮೇಲೆ ಕಣ್ಣಿಡಿ, ಅದನ್ನು ಹಿಡಿದಮೇಲೆ ಇನ್ನೊಂದು. ಕೊನೆಯ ಕಿಲೋಮೀಟರಿಗೆ ನಾನೇನೂ ಹೇಳಬೇಕಿಲ್ಲ, ಉಳಿದದ್ದನ್ನೆಲ್ಲ ಸುರಿಯಿರಿ.

ಇನ್ನು ದಾರಿ. ಬೆಂಗಳೂರಲ್ಲಿ ಸಪಾಟು 5 ಕಿ.ಮೀ. ಸಿಗುವುದು ಕಷ್ಟ. ಕಂಠೀರವ ಕ್ರೀಡಾಂಗಣವನ್ನೇ ತೆಗೆದುಕೊಳ್ಳಿ, ಅದು ಹಳೆಯ ಸಂಪಂಗಿ ಕೆರೆಯ ಅಂಗಳ. ಕೆರೆ ಅಂದಮೇಲೆ ತಗ್ಗು, ಅಲ್ಲಿಂದ ಎಂ.ಜಿ. ರಸ್ತೆ ಕಡೆ ಹೊರಟರೆ ಏರು. ಏರಿನಲ್ಲಿ 5:00 ಹಿಡಿಯುತ್ತೇನೆಂದು ಹೋರಾಡಬೇಡಿ. ಉಸಿರು ಅಷ್ಟೇ ಇರಲಿ, 5:08 ಬಂದರೆ ಬರಲಿ. ಇಳಿಜಾರಿನಲ್ಲಿ ಅದರ ಬಹುಪಾಲು ವಾಪಸು ಸಿಗುತ್ತದೆ. ಹಿಂದಿನ ದಿನ ಆ ದಾರಿಯನ್ನು ಒಮ್ಮೆ ಸ್ಕೂಟರಿನಲ್ಲಾದರೂ ಸುತ್ತಿ, ಹಂಪುಗಳು ಎಲ್ಲಿವೆ, ಯೂ-ಟರ್ನ್ ಎಲ್ಲಿದೆ ನೋಡಿಟ್ಟುಕೊಳ್ಳಿ. ದಾಖಲೆಗೆಂದೇ ಓಡುವುದಾದರೆ ಡಿಸೆಂಬರ್, ಜನವರಿಯ ಚಳಿ ಬೆಳಗ್ಗೆಯನ್ನೇ ಆರಿಸಿ. ಏಪ್ರಿಲ್ ಬೆಳಗ್ಗೆಯ ಸೆಕೆಗೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

24:51ಕ್ಕಿಂತ ಕಡಿಮೆ ಈ ಸಲ ಕೇಳಬೇಡಿ. 5000 ಮೀಟರಿನಲ್ಲಿ ಬಹಾದುರ್ ಪ್ರಸಾದ್ 1992ರಲ್ಲಿ ಬರೆದ 13:29.70ರ ಭಾರತೀಯ ದಾಖಲೆಯನ್ನು ಅವಿನಾಶ್ ಸಾಬ್ಳೆ ಮುರಿದದ್ದು 2022ರಲ್ಲಿ, ಇಳಿದದ್ದು ಬರೀ 4 ಸೆಕೆಂಡ್. ನೀವು 49 ಸೆಕೆಂಡ್ ಕೇಳುತ್ತಿದ್ದೀರಿ.

ಪ್ರಶ್ನೆ: ಮಗ ಒಂಬತ್ತನೇ ತರಗತಿ, ಶಾಲೆಯಿಂದ 800 ಮೀಟರಿಗೆ ಆಯ್ಕೆಯಾಗಿದ್ದಾನೆ. ಮೊದಲ 400 ಮೀಟರ್ 64 ಸೆಕೆಂಡ್, ಎರಡನೆಯದು 82. ಕೊನೆಯಲ್ಲಿ ಎಲ್ಲರೂ ಅವನನ್ನು ದಾಟುತ್ತಾರೆ. ಅವನೂ ಸಮನಾಗಿ ಓಡಬೇಕಾ ಸರ್?
– ಒಬ್ಬ ತಾಯಿ, ಬನಶಂಕರಿ

ಉತ್ತರ: ಪೂರ್ತಿ ಸಮನಾಗಿ ಬೇಡಮ್ಮ. 800 ಬೇರೆಯೇ ಜಾತಿ, ಅದರಲ್ಲಿ ಮೊದಲ ಸುತ್ತು ತುಸು ಚುರುಕಾಗಿದ್ದರೇ ಒಳ್ಳೆಯದು. ಕೆನ್ಯಾದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 1:40.91 ಓಡಿದಾಗ ಮೊದಲ ಸುತ್ತು 49.28, ಎರಡನೆಯದು 51.63. ಅಂತರ ಎರಡು ಚಿಲ್ಲರೆ ಸೆಕೆಂಡ್. ನಿಮ್ಮ ಮಗನದು 18. ಈಗ ಅವನ ಒಟ್ಟು 2:26. ಮೊದಲನೆಯದನ್ನು 70ಕ್ಕೆ ತಡೆದರೆ ಎರಡನೆಯದು 73ಕ್ಕೆ ಬರಬಹುದು, 2:23 ಆಯಿತು. ಶಾಲೆಯ ಮೈದಾನದಲ್ಲಿ 200 ಮೀಟರಿನ ಸುಣ್ಣದ ಗೆರೆ ಇದ್ದರೆ ನಾಲ್ಕು ಸುತ್ತು, ಅದರಲ್ಲಿ ಮೂರನೆಯದೇ ಕಳ್ಳ ಸುತ್ತು. ಮೂರನೆಯದನ್ನು ಗಟ್ಟಿಯಾಗಿ ಓಡು ಅಂತ ಅವನಿಗೆ ಹೇಳಿ. ತಿರುವಿನಲ್ಲಿ ಹೊರಗಿನಿಂದ ಯಾರನ್ನೂ ದಾಟಬಾರದು, ನೇರ ದಾರಿ ಬರುವವರೆಗೆ ಕಾಯಬೇಕು. ಮತ್ತೆ, ಗೆರೆಯ ಪಕ್ಕ ನಿಂತು ‘ಓಡೋ ಓಡೋ’ ಅಂತ ಮೊದಲ ಸುತ್ತಿನಲ್ಲೇ ಕೂಗುವವರು ಮನೆಯವರಾಗಿದ್ದರೆ ದಯವಿಟ್ಟು ಅದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ವಾಚಿನಲ್ಲಿ ಓಟ 5.06 ಕಿ.ಮೀ. ಬಂದಿದೆ. ಆಯೋಜಕರು 60 ಮೀಟರ್ ಹೆಚ್ಚು ಓಡಿಸಿದರೆ?
– ಒಬ್ಬ ಓದುಗರು, ಯಲಹಂಕ

ಉತ್ತರ: ಬಹುಶಃ ಇಲ್ಲ. ನಿಯಮದ ಪ್ರಕಾರ ಅಳೆಯುವ ಓಟದ ದಾರಿಯನ್ನು ಓಟಗಾರ ಹೋಗಬಹುದಾದ ಅತಿ ಹತ್ತಿರದ ಗೆರೆಯ ಮೇಲೆ ಅಳೆಯುತ್ತಾರೆ. ಕಡಿಮೆ ಬೀಳದಿರಲೆಂದು ಸಾವಿರಕ್ಕೊಂದು ಮೀಟರಿನಂತೆ ಸೇರಿಸುತ್ತಾರೆ, 5 ಕಿ.ಮೀ.ಗೆ 5 ಮೀಟರ್. ಉಳಿದದ್ದು ನೀವು ತಿರುವುಗಳಲ್ಲಿ ಅಗಲವಾಗಿ ಸುತ್ತಿದ್ದು ಮತ್ತು ಮರ, ಕಟ್ಟಡಗಳ ನಡುವೆ ಜಿಪಿಎಸ್ ತಡಕಾಡಿದ್ದು. ಇದರಿಂದ ಒಂದು ಅಪಾಯವಿದೆ: 25 ನಿಮಿಷದ ಗುರಿಯವರು ವಾಚಿನ 5:00 ನಂಬಿ ಓಡಿದರೆ 18 ಸೆಕೆಂಡ್ ತಡವಾಗಿ ಗೆರೆ ಮುಟ್ಟುತ್ತಾರೆ. ವಾಚಿನಲ್ಲಿ 4:56 ಕಂಡರಷ್ಟೇ ನಿಜವಾದ 5:00. ವಾಚು ತಾನೇ ಕಿಲೋಮೀಟರ್ ಎಣಿಸುವ ಆಟೋ ಲ್ಯಾಪ್ ತೆಗೆದುಹಾಕಿ, ಕಿಲೋಮೀಟರ್ ಬೋರ್ಡು ದಾಟುವಾಗ ಗುಂಡಿ ನೀವೇ ಒತ್ತಿ.