ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ರೀಮ್ಯಾಪ್ ಆಗಿದೆಯಾ ಅಂತ ತಿಳಿಯೋದು ಹೇಗೆ?

ಉಡುಪಿಯಲ್ಲಿ ಪೋಲೋ ಜಿಟಿ ಟಿಎಸ್‌ಐ ನೋಡಿದ್ದೀರಿ. ಓನರ್ "ಎಲ್ಲಾ ಸ್ಟಾಕ್" (ಕಂಪನಿಯಿಂದ ಬಂದ ಹಾಗೇ ಇದೆ) ಅಂತಾರೆ, ಆದರೆ ಎಳೆತ ಜಾಸ್ತಿ ಅನ್ನಿಸ್ತಿದೆ, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸೋದು) ಆಗಿರಬಹುದಾ ಅಂತ ಅನುಮಾನ ಅಂದಿರಿ. ಹಾಗಾದರೆ ದಯವಿಟ್ಟು ಈಗಲೇ ಅಡ್ವಾನ್ಸ್ ಕೊಡಬೇಡಿ.

ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಅಡಿಭಾಗ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಳೇ ಗಾಡಿಯ ಬೋಲ್ಟ್‌ಗಳು ತುಕ್ಕು ಹಿಡಿದೇ ಇರುತ್ತವೆ. ಅವುಗಳ ನಡುವೆ ಟರ್ಬೊ (ಎಂಜಿನ್‌ಗೆ ಒತ್ತಡದಲ್ಲಿ ಗಾಳಿ ತುಂಬುವ ಭಾಗ) ಹತ್ತಿರದ ಎಕ್ಸಾಸ್ಟ್ ಬೋಲ್ಟ್ ಮಾತ್ರ ಹೊಸದಾಗಿ ಹೊಳೀತಿದ್ರೆ, ಅಲ್ಲಿ ಯಾರೋ ಕೈ ಹಾಕಿದ್ದಾರೆ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ತೆಗೆದಿಲ್ಲ ತಾನೇ, ಇನ್ನೂ ಇದೆಯಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ.

ರೀಮ್ಯಾಪ್ ಕಣ್ಣಿಗೆ ಕಾಣಲ್ಲ. ಸ್ಕ್ಯಾನರ್ ಹಾಕಿ, ಓಡಿಸುವಾಗ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕಂಪನಿ ಮಟ್ಟಕ್ಕಿಂತ ಜಾಸ್ತಿ ಏರುತ್ತಾ ನೋಡಿಸಿ. ಕಂಪನಿ ಟ್ಯೂನ್‌ನಲ್ಲಿ ಟಾರ್ಕ್ (ಎಂಜಿನ್‌ನ ಎಳೆತದ ಬಲ) 175 ಎನ್‌ಎಂ; 1.2 ಎಂಜಿನ್‌ನ ಗಾಡಿಯಾದರೆ ಅದರ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ತಡೆಯೋದು 250. ರೀಮ್ಯಾಪ್ ಮಾಡಿದರೆ ಆ ಮಿತಿಯ ಹತ್ತಿರಕ್ಕೇ ಹೋಗುತ್ತೆ. ಆಗ ಕ್ಲಚ್ ಹಾಳಾದರೆ ಆ ಖರ್ಚು ಸಣ್ಣದಲ್ಲ.

ವಿಮೆ ಕಂಪನಿಗೆ ಹೇಳದ ಬದಲಾವಣೆ ಇದ್ದರೆ ಕ್ಲೇಮ್ ನಿಲ್ಲಬಹುದು. ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಅಕ್ರಮವಾಗಿ ಗಾಡಿ ಬದಲಿಸಿದ ಓನರ್‌ಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು.

"ಏನೇನು ಬದಲಿಸಿದ್ದೀರಿ?" ಅಂತ ವಾಟ್ಸಾಪ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ನಾಳೆ ಸುಳ್ಳು ಅಂತ ಗೊತ್ತಾದರೆ ಹಣ ವಾಪಸ್ ಕೇಳಲು ಅದೇ ಆಧಾರ.