ತೋಟದೊಳಗಿನ ಹುಡುಗಿಯ ಕಣ್ಣು ಎಷ್ಟು ಎತ್ತರದಲ್ಲಿದೆ?

ಆತ್ಮೀಯರೇ,

ನಮ್ಮ ಪತ್ರಿಕೆಯ ವಿಶೇಷಾಂಕಕ್ಕೆ ನೀವು ಕಳುಹಿಸಿದ ನಾಲ್ಕು ನಿಮಿಷದ ಆ್ಯನಿಮೇಷನ್‌ನ ಚಿತ್ರಕಥೆ ಮತ್ತು ಸ್ಟೋರಿಬೋರ್ಡ್ (ಒಂದೊಂದು ಶಾಟ್ ಹೇಗೆ ಕಾಣಬೇಕೆಂದು ಬರೆದ ಚಿತ್ರಗಳು) ತಲುಪಿವೆ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ನಡುವಿನ, ಜಡಿಮಳೆಯಲ್ಲಿ ಕಾಣೆಯಾದ ಕರುವನ್ನು ಹುಡುಕುತ್ತ ಹತ್ತು ವರ್ಷದ ಹುಡುಗಿಯೊಬ್ಬಳು ಕಾಫಿ ತೋಟದೊಳಗೆ ದಾರಿ ತಪ್ಪಿ, ಕೊನೆಗೆ ಗದ್ದೆಯ ಬದುವಿನಲ್ಲಿ ಅದನ್ನು ಕಾಣುವ ಕಥೆ ಚೆನ್ನಾಗಿದೆ. ಮಾತು ಕಡಿಮೆ ಇದೆ, ಅದೂ ಒಳ್ಳೆಯದೇ. ಅಂಥ ಮಳೆಯಲ್ಲಿ ನೀವು ಕಾಫಿ ಹೂ ಅರಳಿಸಿರುವುದನ್ನು (ಕಾಫಿ ಅರಳಿಸುವ ಹೂಮಳೆ ಬೇಸಿಗೆಯದು ಎಂದು ತೋಟದ ಮಕ್ಕಳೂ ಬಲ್ಲರು) ಈ ಸಲ ನೋಡಿಯೂ ನೋಡದಂತೆ ಬಿಡುತ್ತೇನೆ. ನನ್ನನ್ನು ಕೆರಳಿಸಿದ್ದು ನಿಮ್ಮ ಕ್ಯಾಮೆರಾ.

ಮೂರನೆಯ ಶಾಟ್‌ನಲ್ಲಿ ನೀವು ಬರೆದಿರುವುದು ಹೀಗೆ: "ಆಕಾಶದಿಂದ ಕಾಣುವ ವಿಶಾಲ ಕಾಫಿ ತೋಟ, ನಡುವೆ ಪುಟ್ಟ ಹುಡುಗಿ ಓಡುತ್ತಿದ್ದಾಳೆ." ಕೊಡಗಿನ ಕಾಫಿ ಬೆಳೆಯುವುದು ನೆರಳಿನಲ್ಲಿ. ಮೇಲಿನಿಂದ ನೋಡಿದರೆ ಕಾಣುವುದು ಸಿಲ್ವರ್ ಓಕ್, ಅತ್ತಿ, ಹಲಸುಗಳ ನೆತ್ತಿಯೇ ಹೊರತು ಕಾಫಿ ಗಿಡವಲ್ಲ, ಗಿಡಗಳ ನಡುವೆ ಓಡುವ ಹುಡುಗಿಯಂತೂ ಅಲ್ಲವೇ ಅಲ್ಲ. ಅವಳು ಕಾಣಲೆಂದು ನೀವು ಮರಗಳನ್ನೆಲ್ಲ ಅಳಿಸಿಹಾಕಿದ್ದೀರಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ದಾರಿ ತಪ್ಪಿದವಳು ಅವಳು, ಆದರೆ ಗದ್ದೆ ಯಾವ ಕಡೆಗಿದೆ, ಮನೆ ಎಷ್ಟು ದೂರ ಎಂಬುದೆಲ್ಲ ನೋಡುವವರಿಗೆ ಮೊದಲೇ ತಿಳಿದುಹೋಗುತ್ತದೆ.

ನಾಲ್ಕನೆಯ ಶಾಟ್‌ನಲ್ಲಿ "ಹುಡುಗಿ ಭಯದಿಂದ ಸುತ್ತ ನೋಡುತ್ತಾಳೆ" ಎಂದಿದೆ. ಚಿತ್ರದಲ್ಲಿ ಗಿಡಗಳು ಅವಳ ಸೊಂಟಕ್ಕೆ ಬಂದಿವೆ, ದಿಗಂತ ರೇಖೆ ಅವಳ ತಲೆಗಿಂತ ಒಂದು ಗೇಣು ಮೇಲಿದೆ. ದಿಗಂತ ರೇಖೆ ಎಂದರೆ ಕ್ಯಾಮೆರಾದ ಕಣ್ಣಿನ ಮಟ್ಟ. ಸಮತಟ್ಟಾದ ನೆಲದ ಮೇಲೆ ಕ್ಯಾಮೆರಾದಷ್ಟೇ ಎತ್ತರದ ವಸ್ತು ಹತ್ತಿರವಿರಲಿ ದೂರವಿರಲಿ ಆ ಗೆರೆಯನ್ನು ಮುಟ್ಟುತ್ತದೆ, ಅದಕ್ಕಿಂತ ಎತ್ತರದ್ದು ದಾಟುತ್ತದೆ. ಆ ವಯಸ್ಸಿನ ಹುಡುಗಿಯ ಕಣ್ಣು ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ಕಪಾತು ಮಾಡಿದ (ಕೊಂಬೆ ಕತ್ತರಿಸಿದ) ರೋಬಸ್ಟಾ ಕಾಫಿ ಗಿಡವೂ ಸಾಮಾನ್ಯವಾಗಿ 5 ಅಡಿಯಾದರೂ ಇರುತ್ತದೆ. ಕ್ಯಾಮೆರಾವನ್ನು ಅವಳ ಕಣ್ಣಿಗೆ ಇಳಿಸಿದರೆ ಗಿಡಗಳು ಗೆರೆಯನ್ನು ದಾಟಿ ಬೆಟ್ಟವನ್ನೂ ಆಕಾಶವನ್ನೂ ಮರೆಮಾಡುತ್ತವೆ. ಉಳಿಯುವುದು ಕಾಂಡಗಳು, ಎಲೆಗಳ ಅಡಿಭಾಗ, ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ನೆಲದ ಕೊಳೆತ ತರಗೆಲೆ. ಭಯಕ್ಕೆ ಅಷ್ಟು ಸಾಕು, ನೀವು ಅವಳ ಕಣ್ಣನ್ನು ಅಷ್ಟೊಂದು ಅಗಲಿಸಬೇಕಾಗಿಯೇ ಇರಲಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹುಡುಗನಾಗಿದ್ದಾಗ ಮಡಿಕೇರಿ ದಸರಾದ ದಶಮಂಟಪಗಳಲ್ಲಿ (ಪುರಾಣದ ಕಥೆ ತೋರಿಸುವ ಹತ್ತು ಮೆರವಣಿಗೆಯ ಮಂಟಪಗಳಲ್ಲಿ) ಒಂದಕ್ಕೆ ಪರದೆ ಬರೆಯುತ್ತಿದ್ದ ಹಿರಿಯ ಕಲಾವಿದರ ಬಳಿ ಬಣ್ಣ ಕಲಸುವ ಕೆಲಸಕ್ಕಿದ್ದೆ. ವಿಜಯದಶಮಿಯ ರಾತ್ರಿ ಮಂಟಪ ಟ್ರ್ಯಾಕ್ಟರಿನ ಮೇಲೆ ಎತ್ತರದಲ್ಲಿ ಸಾಗುತ್ತದೆ, ಜನ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡುತ್ತಾರೆ. ಆದ್ದರಿಂದ ಅವರು ಪರದೆಗೆ ಕುಂಚ ತಾಗಿಸುವ ಮೊದಲು ನನ್ನನ್ನು ಕೆಳಗೆ ರಸ್ತೆಗೆ ಕಳುಹಿಸಿ, "ವೇದಿಕೆಯ ಹಲಗೆ ಕಾಣುತ್ತದೆಯೇನೋ?" ಎಂದು ಕೂಗಿ ಕೇಳುತ್ತಿದ್ದರು. ಕಾಣುವುದಿಲ್ಲ ಎಂದ ಮೇಲೆ ದಿಗಂತದ ಗೆರೆಯನ್ನು ಪರದೆಯ ತೀರಾ ಬುಡಕ್ಕೆ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದರು. ಗೆರೆ ಮೇಲಿದ್ದರೆ ರಾಕ್ಷಸ ಜನರ ಕಡೆಗೆ ಜಾರಿ ಬೀಳುವಂತೆ ಕಾಣುತ್ತಾನೆ ಎನ್ನುವುದು ಅವರ ಮಾತು. ಯಾರು, ಎಲ್ಲಿ ನಿಂತು ನೋಡುತ್ತಾರೆ ಎಂದು ಗೊತ್ತಾಗದೆ ಅವರು ಒಂದು ಮರವನ್ನೂ ಬರೆದವರಲ್ಲ.

ಐದನೆಯ ಶಾಟ್‌ಗೆ ಬರೋಣ: "ಇಳಿಜಾರಿನ ದಾರಿ ಗದ್ದೆಯತ್ತ ಸಾಗುತ್ತದೆ." ದಾರಿಯ ಎರಡೂ ಅಂಚುಗಳನ್ನು ನೀವು ದಿಗಂತ ರೇಖೆಯ ಮೇಲೆಯೇ ಕೂಡಿಸಿದ್ದೀರಿ. ಸಮತಟ್ಟಾದ ರಸ್ತೆ ಹಾಗೆ ಕೂಡುತ್ತದೆ. ಇಳಿಯುವ ದಾರಿಯ ವ್ಯಾನಿಷಿಂಗ್ ಪಾಯಿಂಟ್, ಅಂದರೆ ಅಂಚುಗಳು ಕೂಡುವಂತೆ ಕಾಣುವ ಬಿಂದು, ರೇಖೆಯ ಕೆಳಗಿರಬೇಕು, ಏರುವ ದಾರಿಯದು ಮೇಲೆ. ಪಕ್ಕದ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಸೂರು ಮತ್ತು ಜಗಲಿಯ ಗೆರೆಗಳು ಮಾತ್ರ ರೇಖೆಯ ಮೇಲೆ ಕೂಡಬೇಕು. ಇವೆರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಇಳಿಜಾರು ತಾನಾಗಿ ಕಾಣುತ್ತದೆ. ನೀವು ಬರೆದಂತೆ ಬಿಟ್ಟರೆ ಕೊಡಗಿನ ಬೆಟ್ಟಗಳ ನಡುವಿನ ಕಕ್ಕಬ್ಬೆಯ ಕಡೆಯ ತೋಟ ಬಯಲುಸೀಮೆಯಲ್ಲಿ ಬಂದು ಕೂರುತ್ತದೆ.

ಏಳನೆಯದು: "ಕ್ಯಾಮೆರಾ ಜೂಮ್ ಆಗಿ ಮಂಜಿನೊಳಗೆ ಹೋಗುತ್ತದೆ, ದೂರದಲ್ಲಿ ತಡಿಯಂಡಮೋಳ್." ಜೂಮ್ ಯಾವುದರೊಳಗೂ ಹೋಗುವುದಿಲ್ಲ, ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ. ಚಿತ್ರದಲ್ಲಿ ಮುಂದಿರುವ ನಿಮ್ಮ ಬೇಲಿ ಇಮ್ಮಡಿಯಾದಾಗ 1748 ಮೀಟರ್ ಎತ್ತರದ ಆ ಬೆಟ್ಟವೂ ಇಮ್ಮಡಿಯಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಯಾವ ಬೆಟ್ಟವೂ ಹಾಗೆ ಬೆಳೆಯುವುದಿಲ್ಲ. 1937ರಲ್ಲಿ ಡಿಸ್ನಿ ಸ್ಟುಡಿಯೋ ಬಳಕೆಗೆ ತಂದ ಮಲ್ಟಿಪ್ಲೇನ್ ಕ್ಯಾಮೆರಾ ಈ ತೊಡಕನ್ನೇ ಬಿಡಿಸಿತು: ಗಾಜಿನ ಹಲಗೆಗಳ ಮೇಲೆ ಮುಂದಿನದು, ನಡುವಿನದು, ಹಿಂದಿನದು ಎಂದು ಬೇರೆ ಬೇರೆಯಾಗಿ ಬರೆದು, ಒಂದರ ಕೆಳಗೊಂದು ಇಟ್ಟು, ಒಂದೊಂದನ್ನು ಒಂದೊಂದು ವೇಗದಲ್ಲಿ ಸರಿಸುತ್ತಿದ್ದರು. ಇಂದು ಅದೇ ಕೆಲಸವನ್ನು ಕಂಪ್ಯೂಟರಿನ ಲೇಯರ್‌ಗಳಲ್ಲಿ (ಒಂದರ ಮೇಲೊಂದು ಇಡುವ ಚಿತ್ರದ ಪದರಗಳಲ್ಲಿ) ಮಾಡಬಹುದು. ಬೇಲಿ ಬೇಗ ದೊಡ್ಡದಾಗಿ ಚೌಕಟ್ಟಿನ ಆಚೆ ಸರಿಯಲಿ, ಮರಗಳು ನಿಧಾನವಾಗಿ ಬೆಳೆಯಲಿ, ಬೆಟ್ಟ ಅಲ್ಲಾಡದಿರಲಿ. ಮಂಜನ್ನು ಎಲ್ಲದರ ಮೇಲೂ ಒಂದೇ ಸಮನೆ ಬಳಿಯದೆ ಲೇಯರ್‌ಗಳ ನಡುವೆ ಇಡಿ, ಆಗ ಹಿಂದಿನದು ತನ್ನಷ್ಟಕ್ಕೇ ಮಸುಕಾಗುತ್ತದೆ.

ಈ ನಾಲ್ಕು ಶಾಟ್‌ಗಳನ್ನು ಮಾತ್ರ ಮತ್ತೆ ಬರೆದು, ಪ್ರತಿ ಚಿತ್ರದಲ್ಲೂ ಕಣ್ಣಿನ ಮಟ್ಟವನ್ನು ಕೆಂಪು ಪೆನ್ಸಿಲ್‌ನಲ್ಲಿ ಗುರುತಿಸಿ ಕಳುಹಿಸಿ. ಮೇಲಿನಿಂದ ನೋಡುವ ಆಸೆ ಬಿಡಲಾಗದಿದ್ದರೆ ಅದನ್ನು ಕೊನೆಯ ಶಾಟ್‌ಗೆ ಉಳಿಸಿಕೊಳ್ಳಿ: ಗದ್ದೆಯಲ್ಲಿ ಮರಗಳ ಮರೆ ಇರುವುದಿಲ್ಲ, ಅಷ್ಟು ಹೊತ್ತಿಗೆ ಹುಡುಗಿಗೂ ದಾರಿ ಸಿಕ್ಕಿರುತ್ತದೆ.

ಇಂತು,
ಸಂಪಾದಕ