ಸೋಮಾರಿತನ ವಂಶದಿಂದ ಬರುತ್ತದಾ?

ಪ್ರಶ್ನೆ: ಅಪ್ಪ, ದೊಡ್ಡಪ್ಪ, ನಾನು, ಎಲ್ಲರೂ ಕೂತಲ್ಲಿಂದ ಏಳದವರು. ಹೆಂಡತಿ ಮಾತ್ರ ದಿನಾ ಮಲ್ಪೆ ಬೀಚಿನಲ್ಲಿ ನಡೆಯುತ್ತಾಳೆ. ಇದು ವಂಶದ್ದೇ ಅಲ್ವಾ?
– ಓದುಗ, ಉಡುಪಿ

ಉತ್ತರ: ಸ್ವಲ್ಪ ಮಟ್ಟಿಗೆ ಹೌದು ಮಾರಾಯ್ರೇ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಏಳು ದೇಶಗಳ 37,051 ಅವಳಿ ಜೋಡಿಗಳನ್ನು ನೋಡಿತ್ತು. ಬಿಡುವಿನಲ್ಲಿ ವ್ಯಾಯಾಮ ಮಾಡುವವರಿಗೂ ಮಾಡದವರಿಗೂ ಇರುವ ವ್ಯತ್ಯಾಸದಲ್ಲಿ, ಹೆಚ್ಚಿನ ಕಡೆ ಸುಮಾರು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಜೀನ್‌ಗಳದ್ದು ಎಂದು ಕಂಡಿತು. ಆದರೆ ಇದು ಗುಂಪಿನ ಲೆಕ್ಕ, ನಿಮ್ಮೊಬ್ಬರ ಜಾತಕ ಅಲ್ಲ. ಸೋಮಾರಿತನಕ್ಕೆ ಅಂತ ಒಂದೇ ಜೀನ್ ಇಲ್ಲ, ಹಲವು ಜೀನ್‌ಗಳು ಚೂರು ಚೂರು ತಳ್ಳುತ್ತವೆ, ಅಷ್ಟೇ. ಅಪ್ಪನಿಂದ ನಿಮಗೆ ಟಿವಿ ಎದುರಿನ ಕುರ್ಚಿಯೂ ಬಂದಿದೆಯಲ್ಲ, ಅದು ಜೀನ್ ಅಲ್ಲ! ಸುಮ್ನೆ ಸಿಟಿ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಮೊಣಕಾಲು ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.